ರಿಟೈರಾಗಿ ಊರಿಗೆ ಬಂದವರ ವಾರ

ಕೊಪ್ಪಳ, ಹುಬ್ಬಳ್ಳಿ, ಧಾರವಾಡದ ಕಡೆ ಮೂವತ್ತು ಮೂವತ್ತೈದು ವರ್ಷ ನೌಕರಿ ಮಾಡಿ, 60 ತುಂಬಿದ ಮೇಲೆ ಗಂಡ-ಹೆಂಡತಿ ಇಬ್ಬರೇ ಹುಟ್ಟಿದೂರಿಗೆ ಮರಳುವುದು ಯಲಬುರ್ಗಾ, ಕುಕನೂರು, ಕುಷ್ಟಗಿಯ ಹಳ್ಳಿಗಳಲ್ಲಿ ಈಗ ಹೊಸದೇನಲ್ಲ. ಮಾಸ್ತರರು, ಲೈನ್‌ಮನ್‌ಗಳು, ಬಸ್ಸಿನ ಡ್ರೈವರ್-ಕಂಡಕ್ಟರ್‌ಗಳು, ಬ್ಯಾಂಕಿನ ಗುಮಾಸ್ತರು, ನರ್ಸ್ ಆಗಿದ್ದವರು, ಹೀಗೆ ಊರಿಗೆ ಒಬ್ಬಿಬ್ಬರಾದರೂ ಸಿಗುತ್ತಾರೆ. ಅವರಲ್ಲಿ ಕೆಲವರು ಒಂದೆರಡು ವರ್ಷದೊಳಗೆ ಮನೆಗೆ ಬೀಗ ಜಡಿದು ಮತ್ತೆ ಪ್ಯಾಟಿ ಸೇರುತ್ತಾರೆ. ಯಾಕ್ರೀ ಅಂದರೆ, "ಹೊತ್ತು ಹೋಗವಲ್ದು, ಮಾತಾಡಾಕ ಮಂದಿ ಇಲ್ಲ" ಅನ್ನುತ್ತಾರೆ. ಅದೇ ಓಣಿಯಲ್ಲಿ ನಾಲ್ಕು ಮನೆ ದಾಟಿದರೆ ಇನ್ನೊಬ್ಬ ರಿಟೈರಾದವರ ಮನೆಯಲ್ಲಿ ಚಹಾದ ಬೋಗುಣಿ ಒಲೆಯಿಂದ ಕೆಳಗಿಳಿಯುವುದಿಲ್ಲ. ಊರು ಅದೇ, ಪಿಂಚಣಿ ಹೆಚ್ಚುಕಡಿಮೆ ಅಷ್ಟೇ, ಬಳಗವೂ ಅದೇ. ಒಬ್ಬರಿಗೆ ಮಂದಿ ಸಿಕ್ಕರು, ಇನ್ನೊಬ್ಬರಿಗೆ ಸಿಗಲಿಲ್ಲ. ಇದು ಯಾಕೆ ಹೀಗೆ ಎಂಬುದು ಬಹಳ ದಿನದಿಂದ ತಲೆಯಲ್ಲಿ ಕುಂತಿದೆ.

ಅವರವರ ಸ್ವಭಾವ ಎಂದು ಜನ ಹೇಳಿ ಮುಗಿಸುತ್ತಾರೆ. ನನಗೆ ಅದು ಪೂರಾ ಒಪ್ಪಿಗೆಯಾಗುವುದಿಲ್ಲ. ಬಾಯಿ ತುಂಬ ಮಾತಾಡುವವರೇ ಬೀಗ ಹಾಕಿ ಹೋಗಿದ್ದಾರೆ, ಮಾತೇ ಬಾರದವರ ಮನೆ ತುಂಬಿರುತ್ತದೆ. ನಮ್ಮ ಕಡೆ ಮಂದಿ ಸೇರುವುದು ಮಾತಿಗಲ್ಲ, ಕೆಲಸಕ್ಕೆ. ಮಾತು ಅದರ ಬೆನ್ನಿಗೆ ಬರುತ್ತದೆ. ಇವತ್ತು ನಿಮ್ಮ ಹೊಲಕ್ಕೆ ನಾವು ನಾಲ್ಕಾಳು, ನಾಳೆ ನಮ್ಮ ಹೊಲಕ್ಕೆ ನೀವು ನಾಲ್ಕಾಳು ಎಂಬ ಮುಯ್ಯಿಯ ಲೆಕ್ಕ ಹೊಲದಲ್ಲಿ ಕಮ್ಮಿಯಾಗಿರಬಹುದು, ಟ್ರ್ಯಾಕ್ಟರು ಬಂದಿದೆ. ಓಣಿಯಲ್ಲಿ ಮಾತ್ರ ಅದು ಇವತ್ತಿಗೂ ಜೀವಂತ. ರಿಟೈರಾಗಿ ಬಂದವರು ಪಿಂಚಣಿ ತಂದಿರುತ್ತಾರೆ, ಪುರುಸೊತ್ತು ತಂದಿರುತ್ತಾರೆ, ಆದರೆ ಮುಯ್ಯಿಗೆ ಹಾಕಲು ಕೈಯಲ್ಲಿ ಏನಿರುತ್ತದೆ? ಅದನ್ನು ಕಂಡುಕೊಂಡವರ ವಾರ ತುಂಬುತ್ತದೆ.

ಕಟ್ಟೆ ಯಾವ ದಿಕ್ಕಿಗೆ

ಮೊದಲು ಮನೆಯ ವಿಷಯ, ಯಾಕೆಂದರೆ ತಪ್ಪು ಅಲ್ಲಿಂದಲೇ ಶುರುವಾಗುತ್ತದೆ. ಹಳೆಯ ಮಾಳಿಗೆ ಮನೆ ಕೆಡವಿ ಆರ್‌ಸಿಸಿ ಹಾಕಿಸುವುದರಲ್ಲಿ ತಪ್ಪಿಲ್ಲ. ಮಾಳಿಗೆಗೆ ಪ್ರತಿ ಮಳೆಗಾಲದ ಮುಂಚೆ ಮಣ್ಣು ಹಾಕಿ ಬಡಿದು ಗಟ್ಟಿ ಮಾಡುವವರು ಈಗ ಸಿಗುವುದಿಲ್ಲ, ಬಿಟ್ಟರೆ ಸೋರುತ್ತದೆ. ತೊಂದರೆ ಏನೆಂದರೆ ಪ್ಯಾಟಿಯ ಲೇಔಟಿನ ಪ್ಲಾನನ್ನೇ ತಂದು ಓಣಿಯಲ್ಲಿ ಕೂರಿಸುತ್ತಾರೆ. ಐದಡಿ ಕಾಂಪೌಂಡು, ಕಬ್ಬಿಣದ ಗೇಟು, ಗೇಟಿನಿಂದ ಬಾಗಿಲಿಗೆ ಹತ್ತು ಹೆಜ್ಜೆ. ಗೇಟು ಇದ್ದಲ್ಲಿ ಬಂದವರು ಕೂಗಬೇಕು. ಕೂಗಬೇಕೆಂದರೆ ಒಂದು ಕಾರಣ ಬೇಕು. ಹಳ್ಳಿಯಲ್ಲಿ ಅರ್ಧಕ್ಕರ್ಧ ಮಂದಿ ಬರುವುದು ಕಾರಣವಿಲ್ಲದೆ. ಹೊಲದಿಂದ ಬರುವಾಗ ಒಂದು ಗಳಿಗೆ ಕುಂತು ಹೋಗೋಣ ಎಂದು ಬರುವವನು ಗೇಟು ಕಂಡರೆ ಮುಂದೆ ನಡೆಯುತ್ತಾನೆ. ಕಟ್ಟೆ ಕಂಡರೆ ಕುಂದರುತ್ತಾನೆ.

ಕಟ್ಟೆ ಕಟ್ಟಿಸುವುದಕ್ಕೂ ಒಂದು ಲೆಕ್ಕವಿದೆ. ಎತ್ತರ ಒಂದೂವರೆ ಅಡಿ. ಅದಕ್ಕಿಂತ ಗಿಡ್ಡವಾದರೆ ಮೊಣಕಾಲು ನೋವಿನವರು ಎದ್ದೇಳಲು ಒದ್ದಾಡುತ್ತಾರೆ, ಎತ್ತರವಾದರೆ ಕಾಲು ಜೋತುಬಿದ್ದು ತೊಡೆ ಜೋಮು ಹಿಡಿಯುತ್ತದೆ. ಅಗಲ ಎರಡೂವರೆಯಿಂದ ಮೂರಡಿ ಇರಲಿ, ಚಕ್ಕಳ-ಮಕ್ಕಳ ಹಾಕಿ ಗೋಡೆಗೆ ಒರಗಿ ಕೂಡಬೇಕಲ್ಲ. ಎಂಟಡಿ ಉದ್ದವಿಲ್ಲದಿದ್ದರೆ ಐದನೆಯವನು ನಿಂತೇ ಮಾತಾಡಿ ಹೊರಟುಹೋಗುತ್ತಾನೆ. ಮೇಲೆ ಟೈಲ್ಸ್ ಬೇಡ, ಮಳೆಯಲ್ಲಿ ಜಾರುತ್ತದೆ. ಫರಸಿ ಕಲ್ಲು ಹಾಸಿ, ಅಂಚನ್ನು ಉಜ್ಜಿಸಿ ದುಂಡಗೆ ಮಾಡಿಸಬೇಕು, ನೀರು ಹರಿಯಲು ಮುಂದಕ್ಕೆ ಅರ್ಧ ಇಂಚು ಇಳಿಜಾರು ಬಿಡಬೇಕು. ಒಂದು ತುದಿಯಲ್ಲಿ ಹಿಡಿದು ಏಳಲು ಕಂಬ ಇದ್ದರೆ ಎಪ್ಪತ್ತು ದಾಟಿದವರೂ ಬರುತ್ತಾರೆ. ಎಲ್ಲಕ್ಕಿಂತ ಮುಖ್ಯ ದಿಕ್ಕು. ಮನೆಯ ಮೂಡಣ ಬದಿಗಿರುವ ಕಟ್ಟೆಗೆ ಮಧ್ಯಾಹ್ನದ ಮೇಲೆ ಮನೆಯದೇ ನೆರಳು ಬೀಳುತ್ತದೆ, ನಾಲ್ಕೂವರೆ ಐದಕ್ಕೆ ಕಲ್ಲು ತಣ್ಣಗಾಗಿರುತ್ತದೆ. ಪಡುವಣಕ್ಕಿದ್ದರೆ ಏಪ್ರಿಲ್-ಮೇ ಬಿಸಿಲಲ್ಲಿ ಕಲ್ಲು ಕಾದು, ದೀಪ ಹಚ್ಚುವ ಹೊತ್ತು ದಾಟಿದರೂ ಕೂಡಲಾಗುವುದಿಲ್ಲ. ಪಡುವಣ ಬಾಗಿಲಿನ ಮನೆಯವರು ತಗಡಿನ ಶೆಡ್ ಹಾಕಿಸುತ್ತಾರೆ, ಅದು ಇನ್ನೂ ಕೆಟ್ಟದ್ದು, ಮೇಲಿನಿಂದಲೂ ಕಾವು ಹೊಡೆಯುತ್ತದೆ. ಒಂದು ಬೇವಿನ ಗಿಡ ನೆಡುವುದೇ ಸರಿ. ಮೊದಲೆರಡು ಬೇಸಿಗೆ ನೀರು ಹಾಕಿ ಆಡಿನ ಬಾಯಿಂದ ಕಾಯ್ದರೆ ಆಮೇಲೆ ಅದರ ಪಾಡಿಗೆ ಅದು ಏಳುತ್ತದೆ. ಅಲ್ಲಿಯವರೆಗೆ ಚಪ್ಪರ.

ಕಟ್ಟೆಯ ಮೂಲೆಯಲ್ಲಿ ಮುಚ್ಚಳವಿದ್ದ ಒಂದು ಮಣ್ಣಿನ ಗಡಿಗೆ, ಪಕ್ಕದಲ್ಲಿ ತಂಬಿಗೆ, ಗೋಡೆಗೆ ಒಂದು ಪ್ಲಗ್ ಪಾಯಿಂಟ್. ಗಡಿಗೆಗೆ ಹೊಲದಿಂದ ಬರುವವರು ನಿಲ್ಲುತ್ತಾರೆ, ಪ್ಲಗ್ಗಿಗೆ ಮೊಬೈಲ್ ಚಾರ್ಜ್ ಮಾಡಲು ಹುಡುಗರು ನಿಲ್ಲುತ್ತಾರೆ. ಮುದುಕರು ಮಾತ್ರ ಕೂಡುವ ಕಟ್ಟೆ ಬಹಳ ದಿನ ಬಾಳುವುದಿಲ್ಲ.

ಕಾಗದ ಪತ್ರದ ಮುಯ್ಯಿ

ನೌಕರಿ ಮಾಡಿ ಬಂದವರ ಕೈಯಲ್ಲಿರುವ ದೊಡ್ಡ ಬಂಡವಾಳ ಕಾಗದ ಪತ್ರದ ತಿಳಿವಳಿಕೆ. ಈಗ ಹಳ್ಳಿಯಲ್ಲಿ ಒಂದು ಮನೆ ನಡೆಯಬೇಕೆಂದರೆ ಪಹಣಿ, ಬೆಳೆ ಸಮೀಕ್ಷೆ, ಬೆಳೆ ವಿಮೆ, ಪಿಎಂ ಕಿಸಾನ್ ಇ-ಕೆವೈಸಿ, ಗೃಹಲಕ್ಷ್ಮಿಯ 2000 ರೂಪಾಯಿ, ವಿಧವಾ ವೇತನ, ಮಕ್ಕಳ ಸ್ಕಾಲರ್‌ಶಿಪ್ಪು, ಎಲ್ಲವೂ ಆಧಾರಿಗೆ ಕಟ್ಟಿಹಾಕಿರುತ್ತವೆ. ಎಲ್ಲೋ ಒಂದು ಕಡೆ ಹೆಸರಿನ ಕಾಗುಣಿತ ತಪ್ಪಿದರೆ ಸಾಕು, ದುಡ್ಡು ನಿಲ್ಲುತ್ತದೆ. ಪಹಣಿಯಲ್ಲಿ ಒಂದು ಹೆಸರು, ಆಧಾರಿನಲ್ಲಿ ಅದೇ ಹೆಸರಿನ ಮುಂದೆ ಅಪ್ಪನ ಹೆಸರು, ಬ್ಯಾಂಕ್ ಪಾಸ್‌ಬುಕ್ಕಿನಲ್ಲಿ ಅಡ್ಡಹೆಸರು. ಎಡವುವುದು ಹೆಚ್ಚಾಗಿ ಇಲ್ಲಿಯೇ. "ಸರ್, ಇದೊಂದು ನೋಡ್ರಿ" ಎಂದು ಪ್ಲಾಸ್ಟಿಕ್ ಚೀಲದಿಂದ ಕಾಗದ ತೆಗೆದು ಕಟ್ಟೆಯ ಮೇಲೆ ಹರವುವವರಿಗೆ ಮೊದಲು ಮಾಡಬೇಕಾದ ಕೆಲಸ ಅರ್ಜಿ ಬರೆದು ಕೊಡುವುದಲ್ಲ, ಮೂರೂ ಕಾಗದ ಪಕ್ಕಪಕ್ಕ ಇಟ್ಟು ಎಲ್ಲಿ ತಪ್ಪಿದೆ ಎಂದು ತೋರಿಸುವುದು. ಯಾವ ಕಾಗದ ಮೊದಲು ತಿದ್ದಿಸಬೇಕೆಂದು ಹೇಳುವುದು. ಅಲ್ಲದಿದ್ದರೆ ಬಡವರು ಒಂದು ದಿನದ ಕೂಲಿ ಬಿಟ್ಟು ತಾಲೂಕಿಗೆ ಹೋಗಿ, ಕ್ಯೂದಲ್ಲಿ ನಿಂತು, ಖಾಲಿ ಕೈಯಲ್ಲಿ ಬರುತ್ತಾರೆ.

ಕೆಲವು ವಿಷಯ ದಿನಾಂಕದ ಮೇಲೆ ನಿಂತಿವೆ. ಬೆಳೆ ವಿಮೆಯಲ್ಲಿ ರೈತ ಕಟ್ಟುವ ಪಾಲು ಮುಂಗಾರಿನ ಆಹಾರ ಬೆಳೆಗೆ ವಿಮಾ ಮೊತ್ತದ ಶೇ. 2, ಹಿಂಗಾರಿಗೆ ಶೇ. 1.5. ಮಾಡಿಸುವವರು ಮಾಡಿಸುತ್ತಾರೆ, ಆದರೆ ವಿಮೆಗೆ ಬರೆಸಿದ ಬೆಳೆ ಕಡಲೆ, ಬೆಳೆ ಸಮೀಕ್ಷೆಯಲ್ಲಿ ನಮೂದಾದದ್ದು ಜೋಳ ಎಂದಾದರೆ ಪರಿಹಾರ ಸಿಕ್ಕಿಬೀಳುತ್ತದೆ. ಸಮೀಕ್ಷೆ ಮಾಡುವ ಹುಡುಗ ಹೊಲದ ಬದುವಿಗೆ ಬಂದಾಗ ರೈತ ಅಲ್ಲಿರಬೇಕು, ಫೋಟೋ ಯಾವ ಸರ್ವೆ ನಂಬರಿಗೆ ಬಿತ್ತು ಎಂದು ನೋಡಬೇಕು. ಬಿತ್ತನೆಯ ನಂತರದ ವಾರಗಳಲ್ಲಿ ಇದನ್ನು ಕಟ್ಟೆಯ ಮೇಲೆ ಹತ್ತು ಮಂದಿಗೆ ನೆನಪಿಸುವವನು ಊರಿಗೆ ದೊಡ್ಡ ಉಪಕಾರಿ.

ಇನ್ನು ಹೆಬ್ಬೆಟ್ಟು. ಹತ್ತಿ ಬಿಡಿಸಿದ, ಮೆಣಸಿನಕಾಯಿ ಹರಿದ, ಕಸ ತೆಗೆದ ಕೈಗಳ ರೇಖೆ ಸವೆದಿರುತ್ತದೆ, ಮೆಷಿನ್ ತೆಗೆದುಕೊಳ್ಳುವುದಿಲ್ಲ. ಇಂಥದ್ದರಲ್ಲಿ ಕಣ್ಣಾರೆ ಕಂಡದ್ದೊಂದಿದೆ. ಎಪ್ಪತ್ತೈದು ದಾಟಿದ ಆಯಿ, ಹೆಬ್ಬೆಟ್ಟು ಒತ್ತಿ ಒತ್ತಿ ಸಾಕಾಗಿ, "ನಾ ಸತ್ತೇನಂತ ಹೇಳಾಕತ್ತೈತೇನಪಾ ಇದು" ಎಂದು ಮೆಷಿನ್ನನ್ನೇ ನೋಡುತ್ತ ಕುಂತಿದ್ದಳು. ರಿಟೈರಾದ ಮಾಸ್ತರರ ಹೆಂಡತಿ ಒಳಗಿನಿಂದ ಬೆಚ್ಚನೆ ನೀರು ತಂದು, ಸಬಕಾರ ಹಚ್ಚಿ ಕೈ ತೊಳೆಸಿ, ಸೀರೆಯ ಸೆರಗಿನಿಂದ ಒರೆಸಿ, ಒಂದು ಹನಿ ಕೊಬ್ಬರಿ ಎಣ್ಣೆ ಹಚ್ಚಿ ಮತ್ತೆ ಒಣಗುವಂತೆ ತಿಕ್ಕಿದರು. ಹೆಬ್ಬೆಟ್ಟು ಬಿಟ್ಟು ಉಂಗುರ ಬೆರಳು ಇಡಿಸಿದರು. ತಗೊಂಡಿತು. ಕೈ ಒಣಗಿ ಬಿರಿದಾಗ ಮೆಷಿನ್ ಒಪ್ಪುವುದಿಲ್ಲ, ಎಣ್ಣೆ ಜಿಡ್ಡಿದ್ದರೂ ಒಪ್ಪುವುದಿಲ್ಲ, ನಡುವಿನ ಹದ ಬೇಕು. ಹತ್ತು ಬೆರಳಲ್ಲಿ ಯಾವುದು ಚಲೋ ಇದೆಯೋ ಅದನ್ನು ಒಮ್ಮೆ ನೋಡಿಟ್ಟುಕೊಂಡರೆ ಮುಂದಿನ ತಿಂಗಳು ಒದ್ದಾಟವಿಲ್ಲ. ಪಿಂಚಣಿದಾರರದೇ ಜೀವನ ಪ್ರಮಾಣ ಪತ್ರಕ್ಕೆ ಈಗ ಮೊಬೈಲಿನಲ್ಲಿ ಮುಖ ತೋರಿಸಿ ಮುಗಿಸಬಹುದು. ಮನೆಯ ಹೊರಗೆ ಬೆಳಕಿಗೆ ಮುಖ ಮಾಡಿ ಕುಂತು, ಕನ್ನಡಕ ತೆಗೆದು, ಕಣ್ಣು ಒಮ್ಮೆ ಮುಚ್ಚಿ ತೆಗೆದರಾಯಿತು. ಬೆನ್ನಿಗೆ ಬೆಳಕಿದ್ದರೆ ಆಗುವುದಿಲ್ಲ.

ಈ ಆಯಿಯ ಮೊಮ್ಮಗ ಮರುದಿನ ಒಂದು ಪುಟ್ಟಿ ಹಸಿ ಕಡಲೆಗಿಡ ತಂದು ಕಟ್ಟೆಯ ಮೇಲೆ ಇಟ್ಟು ಹೋದ. ಬೇಡ ಅನ್ನಬಾರದು. ದುಡ್ಡು ತೆಗೆದುಕೊಂಡರೆ ಅಂಗಡಿಯಾಗುತ್ತದೆ, ಕಡಲೆಗಿಡವನ್ನೂ ತಿರುಗಿಸಿ ಕಳಿಸಿದರೆ ಅವರು ಇನ್ನೊಮ್ಮೆ ಕಾಗದ ಹಿಡಿದು ಬರಲು ನಾಚುತ್ತಾರೆ.

ಸೋಮವಾರ ಎತ್ತು ಹೂಡುವುದಿಲ್ಲ

ಟ್ರ್ಯಾಕ್ಟರಿಗೆ ಸೋಮವಾರವಿಲ್ಲ, ಆದರೂ ನಮ್ಮ ಕಡೆಯ ಎಷ್ಟೋ ಊರಲ್ಲಿ ಬಸವಣ್ಣನ ವಾರವೆಂದು ಎತ್ತಿನ ಹೆಗಲಿಗೆ ನೊಗ ಇಡುವುದಿಲ್ಲ. ಎತ್ತಿದ್ದವರಿಗೆ ಅವತ್ತು ಬಿಡುವು, ಹಾಗಾಗಿ ರಾತ್ರಿ ಗುಡಿಯಲ್ಲಿ ಭಜನೆ. ತತ್ವಪದ, ವಚನ, ದಾಸರ ಪದ ಎಲ್ಲ ಬೆರೆತಿರುತ್ತವೆ. ಊರಿಗೆ ಮರಳಿದವರು ಭಜನೆಗೆ ಹೋಗಿ ಹಿಂದೆ ಕುಂತು ಕೇಳಿ ಬಂದರೆ ನೆಂಟರಂತೆ ಉಳಿಯುತ್ತಾರೆ. ಹಾಡಲು ಬಾರದಿದ್ದರೂ ಮಾಡುವ ಕೆಲಸ ಬೇಕಾದಷ್ಟಿದೆ. ಹಾರ್ಮೋನಿಯಂ ಇಟ್ಟ ಗುಡಿಯ ಕೋಣೆಯಲ್ಲಿ ಇಲಿ ತಿದಿಯನ್ನು ಕಡಿಯುತ್ತದೆ, ಮಳೆಗಾಲದಲ್ಲಿ ಅದರ ಮನೆಗಳು, ಅಂದರೆ ಬೆರಳಿಂದ ಒತ್ತುವ ಪಟ್ಟಿಗಳು, ಊದಿ ಒತ್ತಿದಲ್ಲಿಯೇ ನಿಲ್ಲುತ್ತವೆ. ಪೆಟ್ಟಿಗೆಯನ್ನು ನೆಲದ ಮೇಲಿಡದೆ ಹಲಗೆಯ ಮೇಲಿಟ್ಟು, ಒಳಗೆ ಕರ್ಪೂರದ ಪುಡಿಕೆ ಹಾಕಿ, ವಾರಕ್ಕೊಮ್ಮೆಯಾದರೂ ತೆಗೆದು ಗಾಳಿ ಆಡಿಸಬೇಕು. ಪದಗಳನ್ನು ದಪ್ಪ ಅಕ್ಷರದಲ್ಲಿ ವಹಿಗೆ ಇಳಿಸಿ ಕೊಡುವುದು ಇನ್ನೊಂದು. ಎಷ್ಟೋ ಪದಗಳು ಒಬ್ಬಿಬ್ಬರ ಬಾಯಲ್ಲಿ ಮಾತ್ರ ಉಳಿದಿವೆ, ಅವರು ಹೋದರೆ ಹೋದವು. ವಹಿಯಲ್ಲಿ ಬರೆಯುವಾಗ ಅವರು ಹಾಡಿದಂತೆಯೇ ಬರೆಯಬೇಕು, ಕಾಗುಣಿತ ತಿದ್ದಲು ಹೋಗಬಾರದು. ತಿದ್ದಿದರೆ ತಾಳ ತಪ್ಪುತ್ತದೆ.

ಹಾಡುವವರಿಗೆ ಒಂದು ಮಾತು. ವಯಸ್ಸಾದಂತೆ ದನಿ ಇಳಿಯುತ್ತದೆ. ಹಾರ್ಮೋನಿಯಂನ ಕರಿ ಎರಡರ ಶ್ರುತಿಯಲ್ಲಿ ಹಾಡಿದವರು ಅದಕ್ಕಿಂತ ಕೆಳಗಿನ ಬಿಳಿ ಒಂದಕ್ಕೆ ಇಳಿಯಲು ಮುಜುಗರಪಡುತ್ತಾರೆ, ಮೇಲೆ ಎಟುಕದೆ ಕೆಮ್ಮುತ್ತಾರೆ, ಆಮೇಲೆ ಬರುವುದನ್ನೇ ಬಿಡುತ್ತಾರೆ. ಇಡೀ ಮೇಳವನ್ನು ಕೆಳಗಿನ ಶ್ರುತಿಗೆ ಇಳಿಸಿದರೆ ಹುಡುಗರಿಗೇನೂ ನಷ್ಟವಿಲ್ಲ, ಹಿರಿಯರು ಉಳಿಯುತ್ತಾರೆ. ತಬಲಾವನ್ನೂ ಅದಕ್ಕೆ ತಕ್ಕಂತೆ ಇಳಿಸಿಕೊಳ್ಳಬೇಕಷ್ಟೆ.

ಮುಗಿಯುವ ಹೊತ್ತಿಗೆ ಯಾರಾದರೊಬ್ಬರ ಮನೆಯಿಂದ ವಗ್ಗರಣಿ-ಮಿರ್ಚಿ ಬರಬೇಕು. ಇದು ಸರದಿಯ ಮೇಲೆ ನಡೆಯುವುದು, ರಿಟೈರಾದವರ ಮನೆಯ ಸರದಿ ಬಂದಾಗ ಹೋಟೆಲಿನಿಂದ ಕಟ್ಟಿಸಿ ತಂದರೆ ಅದು ಲೆಕ್ಕಕ್ಕೆ ಬಾರದು. ಮಂಡಕ್ಕಿಯನ್ನು ನೀರಿಗೆ ಹಾಕಿ ಒಂದು ಸಲ ಮುಳುಗಿಸಿ ತಕ್ಷಣ ಹಿಂಡಬೇಕು. ಮಾತಾಡುತ್ತ ನಿಂತರೆ ಮುದ್ದೆಯಾಗುತ್ತದೆ. ಉಳ್ಳಾಗಡ್ಡಿ, ಹಸಿಮೆಣಸಿನಕಾಯಿ, ಕರಿಬೇವು, ಅರಿಷಿಣದ ವಗ್ಗರಣಿ ಆರಿದ ಮೇಲೆ ಮಂಡಕ್ಕಿ ಕಲಸಿ, ಕೊನೆಗೆ ಪುಟಾಣಿ ಹಿಟ್ಟು ಉದುರಿಸುವುದು. ಪುಟಾಣಿ ಹಿಟ್ಟೇ ಉಳಿದ ನೀರನ್ನು ಹೀರಿ ಬಿಡಿಬಿಡಿಯಾಗಿಸುತ್ತದೆ. ಉಪ್ಪು ಅರ್ಧ ಹಾಕಿ ರುಚಿ ನೋಡಬೇಕು, ಮಂಡಕ್ಕಿಯಲ್ಲಿಯೇ ಉಪ್ಪಿರುತ್ತದೆ. ಮಿರ್ಚಿಗೆ ಕಡಲೆಹಿಟ್ಟು ದೋಸೆ ಹಿಟ್ಟಿಗಿಂತ ಗಟ್ಟಿ ಇರಲಿ, ಅಜವಾನ ತಿಕ್ಕಿ ಹಾಕಿ. ಸೋಡಾ ಚಿಟಿಕೆ ದಾಟಿದರೆ ಎಣ್ಣೆ ಕುಡಿಯುತ್ತದೆ, ಎಣ್ಣೆ ಕಾಯದಿದ್ದರೂ ಕುಡಿಯುತ್ತದೆ. ವಯಸ್ಸಾದವರ ಪಾಲಿಗೆ ಎರಡು ಮೆಣಸಿನಕಾಯಿ ಸೀಳಿ ಬೀಜ ತೆಗೆದಿಡುವ ಮನೆಯನ್ನು ಜನ ನೆನಪಿಡುತ್ತಾರೆ.

ಹಂಚಿನ ಮುಂದೆ

ಗಂಡಸರ ಕಟ್ಟೆಯ ಬಗ್ಗೆ ಎಲ್ಲರೂ ಬರೆಯುತ್ತಾರೆ. ಹೆಂಗಸರ ಕೂಟ ಇರುವುದು ಗಿರಣಿಯಲ್ಲಿ, ಹಂಚಿನ ಮುಂದೆ. ಪ್ಯಾಟಿಯಿಂದ ಬಂದವರು ಎರಡು ತಿಂಗಳ ಹಿಟ್ಟು ಒಮ್ಮೆಗೇ ಬೀಸಿಸಿ ಡಬ್ಬಿ ತುಂಬಿಡುತ್ತಾರೆ. ಜೋಳದ ಹಿಟ್ಟಿಗೆ ಅದು ಒಗ್ಗುವುದಿಲ್ಲ. ಹಳೆಯದಾದಂತೆ ಜಿಗಿ ಹೋಗಿ, ತಟ್ಟುವಾಗ ಅಂಚು ಬಿರಿಯುತ್ತದೆ. ವಾರಕ್ಕೊಮ್ಮೆ ಎಂಟು ದಿನಕ್ಕಾಗುವಷ್ಟು ಜೋಳ ಹಸನು ಮಾಡಿ ಗಿರಣಿಗೆ ಒಯ್ಯುವುದೇ ಪದ್ಧತಿ. ಗಿರಣಿಯಲ್ಲಿ ಸರದಿ ಕಾಯುವ ಆ ಅರ್ಧ ತಾಸಿನಲ್ಲಿ ಊರಿನ ಸುದ್ದಿಯೆಲ್ಲ ತಿಳಿಯುತ್ತದೆ, ಯಾರಿಗೆ ಆರಾಮಿಲ್ಲ, ಯಾರ ಮಗಳು ಬಾಣಂತನಕ್ಕೆ ಬಂದಿದ್ದಾಳೆ, ಯಾರ ಮನೆಯಲ್ಲಿ ನಾಳೆ ರೊಟ್ಟಿ ಬಡಿಯುವುದಿದೆ.

ನಾಲ್ಕಾರು ಹೆಂಗಸರು ಒಂದೇ ಅಂಗಳದಲ್ಲಿ ಸೇರಿ ರೊಟ್ಟಿ ಬಡಿಯುವುದನ್ನು ನೋಡಬೇಕೆಂದರೆ ಕೊಪ್ಪಳದ ಗವಿಮಠದ ಜಾತ್ರೆಯ ಮುಂಚಿನ ದಿನಗಳಲ್ಲಿ ಬರಬೇಕು. ಮಹಾದಾಸೋಹಕ್ಕೆ ಸುತ್ತಲಿನ ಹಳ್ಳಿಗಳು ಮನೆಮನೆಯಲ್ಲಿ ಖಡಕ್ ರೊಟ್ಟಿ ಮಾಡಿ, ಟ್ರ್ಯಾಕ್ಟರ್‌, ಚಕ್ಕಡಿಗಳಲ್ಲಿ ತುಂಬಿ, ಮೆರವಣಿಗೆ ಮಾಡಿ ಕಳಿಸುತ್ತವೆ. ಜನವರಿಯ ಚಳಿ. ಅಂಗಳದಲ್ಲಿ ಮೂರು ಒಲೆ, ಹತ್ತಿಕಟ್ಟಿಗೆಯ ಉರಿ. ಒಬ್ಬಾಕೆ ಎಸರು ನೋಡಿಕೊಳ್ಳುತ್ತಾಳೆ, ಒಬ್ಬಾಕೆ ನಾದುತ್ತಾಳೆ, ಇಬ್ಬರು ಬಡಿಯುತ್ತಾರೆ, ಇಬ್ಬರು ಬೇಯಿಸುತ್ತಾರೆ. ರಿಟೈರಾಗಿ ಬಂದ ನರ್ಸಮ್ಮ ಒಬ್ಬರು ಬಾಗಿಲಲ್ಲಿ ನಿಂತು, "ನನಗ ಬಡಿಯಾಕ ಬರಂಗಿಲ್ಲವಾ, ಕೈ ತಿರುಗಂಗಿಲ್ಲ" ಎಂದು ಹಿಂಜರಿದಾಗ ಒಲೆಯ ಮುಂದಿದ್ದ ಹಿರಿಯಾಕೆ ತಲೆ ಎತ್ತದೆಯೇ, "ಬಡಿಯೋರು ಅದಾರ ಬಿಡ್ರಿ ಅಕ್ಕಾರ, ಎಸರು ಆರೇತಿ, ಅದನ್ನ ನೋಡ್ರಿ" ಅಂದಳು. ಅಷ್ಟೇ. ಕೆಲಸ ಸಿಕ್ಕಿತು, ಜಾಗವೂ ಸಿಕ್ಕಿತು.

ಎಸರು ನೋಡುವುದು ಕೆಳಗಿನ ಕೆಲಸವಲ್ಲ. ಜೋಳದ ಹಿಟ್ಟಿಗೆ ಗೋಧಿಯ ಹಾಗೆ ಅಂಟಿಲ್ಲ, ಕುದಿಯುವ ನೀರು ಬಿದ್ದಾಗಲೇ ಜಿಗಿ ಬರುವುದು. ಹಿಟ್ಟಿನ ನಡುವೆ ಕುಣಿ ಮಾಡಿ, ಕುದಿ ಎಸರು ಹುಯ್ದು, ಸುತ್ತಲಿನ ಹಿಟ್ಟು ಮುಚ್ಚಿ ಒಂದು ಗಳಿಗೆ ಬಿಟ್ಟು, ಆಮೇಲೆ ಒಂದೊಂದೇ ಉಂಡೆಯಷ್ಟು ತೆಗೆದುಕೊಂಡು ಅಂಗೈಯ ಬುಡದಿಂದ ತಣ್ಣೀರು ಮುಟ್ಟಿಸುತ್ತ ನಾದಬೇಕು. ಎಸರು ಆರಿದ್ದರೆ ಎಷ್ಟು ನಾದಿದರೂ ರೊಟ್ಟಿ ಎತ್ತುವಾಗ ಹರಿಯುತ್ತದೆ. ಒಮ್ಮೆಗೇ ಎಲ್ಲ ಹಿಟ್ಟು ಕಲಸಿಟ್ಟರೆ ಕೊನೆಯ ಉಂಡೆಗಳು ಒಣಗಿ ಬಿರಿಯುತ್ತವೆ, ಅದಕ್ಕೇ ಸ್ವಲ್ಪ ಸ್ವಲ್ಪವೇ ಕಲಸುವುದು. ಬಡಿದ ರೊಟ್ಟಿ ಹಂಚಿಗೆ ಬಿದ್ದ ಕೂಡಲೇ ಮೇಲ್ಮೈಗೆ ಹಸಿ ಬಟ್ಟೆಯಿಂದ ನೀರು ಸವರಬೇಕು, ನೀರು ಆರುವ ಮುಂಚೆ ತಿರುವಬೇಕು. ತಡವಾದರೆ ಬೆನ್ನ ಮೇಲೆ ಬಿರುಕು. ಒಂದು ಕಿಲೋ ಹಿಟ್ಟಿಗೆ ದಿನದ ಮೆತ್ತನೆ ರೊಟ್ಟಿ 15ರ ಆಸುಪಾಸು ಆಗುತ್ತವೆ, ಖಡಕ್ ರೊಟ್ಟಿ ತೆಳ್ಳಗೆ ಬಡಿಯುವುದರಿಂದ ಇನ್ನೂ ಐದಾರು ಹೆಚ್ಚು. ಬೆಂದ ಖಡಕ್ ರೊಟ್ಟಿಯನ್ನು ಒಲೆಯ ಸುತ್ತ ನಿಲ್ಲಿಸಿ ಕಾವಿಗೆ ಒಣಗಿಸಿ, ಪೂರ್ತಿ ಆರಿದ ಮೇಲೆಯೇ ಒಂದರ ಮೇಲೊಂದು ಒಟ್ಟಬೇಕು. ಅವಸರದಲ್ಲಿ ಬಿಸಿಯಾಗಿ ಒಟ್ಟಿದರೆ ನಡುವಿನವು ಬೆವೆತು ಎರಡು ದಿನದಲ್ಲಿ ಬೂಸು ಹಿಡಿಯುತ್ತವೆ, ಸುತ್ತಲಿನ ರೊಟ್ಟಿಗಳನ್ನೂ ಕೆಡಿಸುತ್ತವೆ.

ಬೇಸಿಗೆಯಲ್ಲಿ ಇದೇ ಹೆಂಗಸರು ಶಾವಿಗೆ, ಹಪ್ಪಳ, ಸಂಡಿಗೆಗೆ ಮತ್ತೆ ಸೇರುತ್ತಾರೆ, ಅಲ್ಲಿ ಒಣಹಾಕಿದ್ದನ್ನು ಕಾಯುವ ಕೆಲಸ ಮೊಣಕಾಲು ನೋವಿನವರಿಗೆ. 2023ರಿಂದ ಸರ್ಕಾರಿ ಬಸ್ಸಿನಲ್ಲಿ ಹೆಂಗಸರಿಗೆ ಟಿಕೀಟು ಇಲ್ಲದ್ದರಿಂದ ಇನ್ನೊಂದು ದಾರಿಯೂ ತೆರೆದಿದೆ. ಮಂಗಳವಾರ, ಶುಕ್ರವಾರ, ಹುಣ್ಣಿಮೆಗೆ ಹುಲಿಗಿಯ ಹುಲಿಗೆಮ್ಮನ ಗುಡಿಗೆ ಹೋಗುವ ಓಣಿಯ ಹೆಂಗಸರ ಗುಂಪಿನಲ್ಲಿ ರಿಟೈರಾದವರ ಹೆಂಡತಿಯೂ ಸೇರುತ್ತಾರೆ. ಗಂಡ ಮನೆಯಲ್ಲಿದ್ದು ತಾನೇ ಅನ್ನ ಇಟ್ಟುಕೊಳ್ಳಲು ಕಲಿಯಬೇಕು, ಅಷ್ಟು ಕಲಿಯದವರ ಹೆಂಡತಿಗೆ ಊರಲ್ಲಿ ಕೂಟವೇ ಬೆಳೆಯುವುದಿಲ್ಲ.

ಚಹಾ, ಸಾಲ, ಆಯೇರಿ

ಚಹಾದ ವಿಷಯ ಚಿಕ್ಕದಾಗಿ ಕಾಣುತ್ತದೆ, ಚಿಕ್ಕದಲ್ಲ. ಸಕ್ಕರೆ ಕಾಯಿಲೆ ಇದ್ದವರು ಹತ್ತು ಮನೆ ತಿರುಗಿದರೆ ಹತ್ತು ಕಪ್ಪು. ಊರಿಗೆ ಬಂದ ಮೊದಲ ವಾರದಲ್ಲಿಯೇ "ನನಗ ಸಕ್ರಿ ಬ್ಯಾಡ್ರಿ, ಅರ್ಧಾ ಕಪ್ಪು ಸಾಕು" ಎಂದು ಹೇಳಿಬಿಟ್ಟರೆ ಎಂಟು ದಿನದಲ್ಲಿ ಊರಿಗೆಲ್ಲ ಗೊತ್ತಾಗುತ್ತದೆ, ಆಮೇಲೆ ಕೇಳುವುದೇ ಇಲ್ಲ, ಸಪ್ಪನೆಯದೇ ಬರುತ್ತದೆ. ಒಂದು ಮನೆಯಲ್ಲಿ ಕುಡಿದು ಇನ್ನೊಂದು ಮನೆಯಲ್ಲಿ ಒಲ್ಲೆ ಅನ್ನುವುದು ಮಾತ್ರ ಮಾಡಬಾರದು. ಯಾರ ಮನೆಯಲ್ಲಿ ಕುಡಿದರು, ಯಾರ ಮನೆಯಲ್ಲಿ "ಈಗಷ್ಟ ಆಗೇತಿ" ಅಂದರು ಎಂಬುದನ್ನು ಎಲ್ಲ ಓಣಿಗಳೂ ನೋಡುತ್ತಿರುತ್ತವೆ, ಅದರ ಹಿಂದಿನ ಜಾತಿಯ ಲೆಕ್ಕವೂ ಎಲ್ಲರಿಗೂ ತಿಳಿಯುತ್ತದೆ. ಊರ ಹೊರಗಿನ ಓಣಿಯಲ್ಲಿ ಕುಂತು ಚಹಾ ಕುಡಿದವರ ಕಟ್ಟೆಗೆ ಆ ಓಣಿಯವರು ಬಂದು ಕೂಡುತ್ತಾರೆ. ನಿಂತೇ ಮಾತಾಡಿಸಿ ಬಂದವರ ಕಟ್ಟೆಯ ಮುಂದೆ ಅವರೂ ನಿಂತೇ ಮಾತಾಡುತ್ತಾರೆ. ಮೂವತ್ತು ವರ್ಷ ಎಲ್ಲರ ಮಕ್ಕಳಿಗೂ ಪಾಠ ಹೇಳಿ ಬಂದವರು ಇದನ್ನು ಮಾಡದಿದ್ದರೆ ಇನ್ನಾರು ಮಾಡಬೇಕು?

ಸಾಲದ್ದು ಬೇರೆ ಕಥೆ. ರಿಟೈರಾದಾಗ ಗಂಟು ಬಂದಿದೆ ಎಂಬುದು ಊರಿಗೆ ಮೊದಲೇ ಗೊತ್ತಿರುತ್ತದೆ. ಬೀಜ-ಗೊಬ್ಬರಕ್ಕೆ, ಬೋರು ಕೊರೆಸಲು, ಮಗಳ ಲಗ್ನಕ್ಕೆ ಎಂದು ಕೇಳುವವರ ಕಷ್ಟ ಸುಳ್ಳಲ್ಲ. ಆದರೆ ಕೈಸಾಲ ಕೊಟ್ಟ ದಿನದಿಂದ ತಗೊಂಡವನು ಕಟ್ಟೆಯ ಮುಂದೆ ಹಾಯುವುದನ್ನು ಬಿಟ್ಟು ಹಿಂದಿನ ಸಂದಿಯಿಂದ ಹೋಗುತ್ತಾನೆ. ದುಡ್ಡಿನ ಜೊತೆಗೆ ಮನುಷ್ಯನೂ ಹೋಗುತ್ತಾನೆ. ದೊಡ್ಡ ಮೊತ್ತವನ್ನು ಊರಿಗೆ ಬರುವ ಮುಂಚೆಯೇ ಅಂಚೆ ಕಚೇರಿಯ ಹಿರಿಯ ನಾಗರಿಕರ ಉಳಿತಾಯ ಯೋಜನೆಗೆ ಹಾಕಿಬಿಡುವುದು ಒಳ್ಳೆಯದು. ಐದು ವರ್ಷದ ಅವಧಿ, 2023ರಿಂದ ಒಬ್ಬರಿಗೆ 30 ಲಕ್ಷದವರೆಗೆ ಇಡಬಹುದು, ಮೂರು ತಿಂಗಳಿಗೊಮ್ಮೆ ಬಡ್ಡಿ ಖಾತೆಗೆ ಬೀಳುತ್ತದೆ. "ಅಂಚೆಯಾಗ ಸಿಕ್ಕೊಂಡೈತಿ" ಎನ್ನುವ ಮಾತು ಸುಳ್ಳೂ ಅಲ್ಲ, ನೋಯಿಸುವುದೂ ಇಲ್ಲ. ಕೊಡಲೇಬೇಕೆನಿಸಿದರೆ ತಿರುಗಿ ಬಾರದಿದ್ದರೂ ನಡೆಯುವಷ್ಟು ಮಾತ್ರ ಕೊಟ್ಟು, ಕೇಳುವುದನ್ನು ಮರೆತುಬಿಡಬೇಕು.

ಆಯೇರಿಯದು, ಅಂದರೆ ಕಾರ್ಯಕ್ಕೆ ಹೋದಾಗ ಕೊಡುವ ಉಡುಗೊರೆಯದು, ಸಾಲಕ್ಕೆ ತಿರುವು. ಲಗ್ನ, ಮನೆ ಶಾಂತಿ, ತೊಟ್ಟಿಲು, ಎಲ್ಲದಕ್ಕೂ ಯಾರು ಏನು ಕೊಟ್ಟರೆಂದು ವಹಿಯಲ್ಲಿ ಬರೆದಿರುತ್ತಾರೆ. ಊರಿಗೆ ಮರಳಿದವರು ತಾಯಿ-ತಂದೆಯ ಕಾಲದ ಆ ವಹಿ ಹುಡುಕಿ ತೆಗೆಯಬೇಕು, ಇಲ್ಲವೇ ಅಣ್ಣತಮ್ಮಂದಿರನ್ನು ಕೇಳಿ ಬರೆದುಕೊಳ್ಳಬೇಕು. ನಮಗೆ 200 ಬಂದ ಮನೆಗೆ ಸರಿಯಾಗಿ 200 ಕೊಟ್ಟರೆ ಲೆಕ್ಕ ಚುಕ್ತಾ ಆದಂತೆ, ಇನ್ನು ನಮ್ಮ ನಿಮ್ಮ ಸಂಬಂಧವಿಲ್ಲ ಅಂದಂತೆ. ಸ್ವಲ್ಪ ಮೇಲೆ ಹಾಕಿ ಕೊಡುವುದೇ ರೀತಿ, ಆಗ ಅವರ ಮೇಲೆ ಸ್ವಲ್ಪ ಉಳಿಯುತ್ತದೆ, ಹೋಗುವುದು ಬರುವುದು ನಡೆಯುತ್ತದೆ. ಪಿಂಚಣಿಯ ಗತ್ತಿಗೆ ಸಾವಿರಗಟ್ಟಲೆ ಕೊಟ್ಟರೆ ಇನ್ನೂ ತಪ್ಪು, ಅವರಿಗೆ ತಿರುಗಿಸಲಾಗುವುದಿಲ್ಲ, ಕರೆಯುವುದನ್ನೇ ನಿಲ್ಲಿಸುತ್ತಾರೆ. ಮನೆಗೆ ಬಂದ ಹೆಣ್ಣುಮಕ್ಕಳ ಉಡಿ ತುಂಬಲು ಅಕ್ಕಿ, ಕೊಬ್ಬರಿ ಬಟ್ಟಲು, ಅಡಿಕೆ, ಎಲೆ, ಕುಬಸದ ಖಣ ಟ್ರಂಕಿನಲ್ಲಿ ಇದ್ದೇ ಇರಬೇಕು. ಅದು ತೀರಿದ ದಿನವೇ ಯಾರಾದರೂ ಬರುತ್ತಾರೆ.

ರವಿವಾರದ ಮಕ್ಕಳು

ಹೊಲವನ್ನು ಲಾವಣಿಗೋ (ಗುತ್ತಿಗೆಗೋ) ಪಾಲಿಗೋ ಕೊಟ್ಟಿರುತ್ತಾರೆ. ಕೊಡುವಾಗ ಬಾವಿ ಹತ್ತಿರದ ಅರ್ಧ ಗುಂಟೆ ಇಟ್ಟುಕೊಂಡರೆ ಸಾಕು. ನಾಲ್ಕು ಮಡಿ ಮಾಡಿ, ವಾರಕ್ಕೊಂದರಂತೆ ಮೆಂತೆ ಚೆಲ್ಲಿದರೆ ತಿಂಗಳ ಮೇಲೆ ಪ್ರತಿ ವಾರವೂ ಕೀಳಲು ಒಂದು ಮಡಿ ಸಿದ್ಧ. ಎಲ್ಲ ಒಮ್ಮೆಗೇ ಬಿತ್ತಿದರೆ ಒಮ್ಮೆಗೇ ಬಂದು ಹೂವಿಗೆ ಹೋಗಿ ಕಹಿಯಾಗುತ್ತದೆ. ಬದುವಿಗೆ ಪುಂಡಿ, ಸಂದಿಯಲ್ಲಿ ಹಕ್ಕರಕಿ, ಮೂಲಂಗಿ. ಇಬ್ಬರಿಗೆ ಎಷ್ಟು ಬೇಕು? ಉಳಿದದ್ದು ಓಣಿಗೆ.

2025ರ ಮೇ ತಿಂಗಳಿಂದ ಕುಷ್ಟಗಿಗೆ ಹುಬ್ಬಳ್ಳಿಯಿಂದ ರೈಲು ಬಂದ ಮೇಲೆ ಕುಕನೂರು, ಯಲಬುರ್ಗಾ ಕಡೆಯ ಹಳ್ಳಿಗಳಿಗೆ ಮಕ್ಕಳು-ಮೊಮ್ಮಕ್ಕಳು ಬರುವುದು ಸಲೀಸಾಗಿದೆ. ಅವರನ್ನು ಕರೆಯಲು ಡಿಸೆಂಬರ್ ಕೊನೆ, ಜನವರಿಯ ಮೊದಲ ಭಾಗಕ್ಕಿಂತ ಚಲೋ ಹೊತ್ತು ಇನ್ನೊಂದಿಲ್ಲ. ಸೀತೆನಿಯ, ಅಂದರೆ ಎಳೆ ಜೋಳದ ತೆನೆ ಸುಟ್ಟು ತಿನ್ನುವ ಕಾಲ. ಬಿತ್ತುವಾಗಲೇ ಪಾಲಿನವನಿಗೆ ಹೇಳಿ ಸೀತೆನಿ ಜೋಳದ ನಾಲ್ಕು ಸಾಲು ಹಾಕಿಸಿರಬೇಕು, ಅದರ ಕಾಳು ತೆನೆಯಿಂದ ಸಲೀಸಾಗಿ ಬಿಡುತ್ತದೆ. ಉಗುರಿನಿಂದ ಒತ್ತಿದರೆ ಹಾಲು ಚಿಮ್ಮಬಾರದು, ಬೆಣ್ಣೆಯಂತೆ ಒತ್ತಬೇಕು. ಆ ಹದ ಎಂಟು ದಿನ ನಿಂತರೆ ಹೆಚ್ಚು. ನೆಲದಲ್ಲಿ ಗೇಣುದ್ದ ಕುಣಿ ತೋಡಿ, ಕುಳ್ಳು ಸುಟ್ಟು ಕೆಂಡ ಮಾಡಿ, ತೆನೆಗಳ ತಲೆ ಕೆಂಡದೊಳಗೆ, ದಂಟು ಹೊರಗೆ ಇರುವಂತೆ ಚುಚ್ಚಿ, ತಿರುವುತ್ತ ಸುಡುವುದು. ಉರಿ ಇರುವಾಗಲೇ ಇಟ್ಟರೆ ಹೊರಗೆ ಕರಿ, ಒಳಗೆ ಹಸಿ. ಬಿಸಿಯಿರುವಾಗಲೇ ಕಂಬಳಿಯ ಮೇಲೆ ತಿಕ್ಕಿ, ಸಿಪ್ಪೆ ತೂರಿ, ಬೆಲ್ಲ, ಶೇಂಗಾ ಚಟ್ನಿ, ಗಟ್ಟಿ ಮೊಸರಿನ ಜೊತೆ ತಿನ್ನಬೇಕು. ಆರಿದರೆ ಗಟ್ಟಿಯಾಗುತ್ತದೆ. ಪಾಲಿನವನ ಮನೆಯವರನ್ನೂ, ಬಾಜೂ ಹೊಲದವರನ್ನೂ ಕರೆಯದೆ ನಮ್ಮ ಮಕ್ಕಳಿಗಷ್ಟೇ ಸುಟ್ಟುಕೊಡುವ ಪದ್ಧತಿ ನಮ್ಮಲ್ಲಿಲ್ಲ.

ಒಬ್ಬರೇ ಉಳಿದಾಗ

ಇಬ್ಬರಲ್ಲಿ ಒಬ್ಬರು ಮೊದಲು ಹೋಗುತ್ತಾರೆ. ಅದನ್ನು ಬರೆಯದೆ ಬಿಟ್ಟರೆ ಈ ಬರಹ ಅರ್ಧವಾಗುತ್ತದೆ. ಕಾಗದದ ಕೆಲಸ ಮೊದಲೇ ಮುಗಿಸಿಡಬೇಕು. ಕುಟುಂಬ ಪಿಂಚಣಿಗೆ ಹೆಂಡತಿಯ ಹೆಸರು ಪಿಂಚಣಿ ಪತ್ರದಲ್ಲಿಯೂ ಆಧಾರಿನಲ್ಲಿಯೂ ಒಂದೇ ಥರ ಇದೆಯೇ, ಬ್ಯಾಂಕ್ ಖಾತೆ ಇಬ್ಬರ ಹೆಸರಲ್ಲಿದೆಯೇ, ಮೊಬೈಲ್ ನಂಬರ್ ಆಕೆಯದೂ ಜೋಡಣೆಯಾಗಿದೆಯೇ, ಎಟಿಎಂ ಬಳಸಲು ಆಕೆಗೆ ಬರುತ್ತದೆಯೇ. ಊರಿಗೆಲ್ಲ ಕಾಗದ ನೋಡಿಕೊಟ್ಟವರ ಮನೆಯಲ್ಲಿಯೇ ಇದು ಬಾಕಿ ಉಳಿಯುವುದುಂಟು. ಮನೆಯ ಇನ್ನೊಂದು ಕೀಲಿ ಬಾಜೂ ಮನೆಯಲ್ಲಿರಲಿ, ರಾತ್ರಿ 108ಕ್ಕೆ ಫೋನು ಮಾಡಿದಾಗ ಓಣಿಯ ಗುರುತು ಹೇಳಲು ಬರುವ ಒಬ್ಬ ಹುಡುಗನ ನಂಬರು ಗೋಡೆಯ ಮೇಲೆ ದಪ್ಪಗೆ ಬರೆದಿರಲಿ.

ಸಾವಾದ ಮನೆಯಲ್ಲಿ ಒಲೆ ಹಚ್ಚುವುದಿಲ್ಲ, ಓಣಿಯಿಂದ ಬುತ್ತಿ ಬರುತ್ತದೆ. ಮುಯ್ಯಿ ಇದ್ದ ಮನೆಗೆ ಸರದಿಯ ಮೇಲೆ ಬರುತ್ತದೆ, ಯಾರೂ ಹೇಳಬೇಕಿಲ್ಲ. ಗಂಡ ಉಳಿದರೆ ಅವನಿಗೆ ಕಟ್ಟೆ ಇದೆ, ಭಜನೆ ಇದೆ. ಹೆಂಡತಿ ಉಳಿದಾಗಿನ ಪಾಡು ಬೇರೆ. ಉಡಿ ತುಂಬುವಲ್ಲಿಗೆ, ಅರಿಷಿಣ-ಕುಂಕುಮಕ್ಕೆ ಆಕೆಯನ್ನು ಕರೆಯುವುದು ನಿಲ್ಲುತ್ತದೆ. ಈ ಪದ್ಧತಿ ಹೋಗಬೇಕು, ಇನ್ನೂ ಹೋಗಿಲ್ಲ. ಬಂದುಹೋಗುವುದೆಲ್ಲ ಉಡಿ, ಕುಂಕುಮಗಳ ಮೇಲೆಯೇ ನಿಂತಿದ್ದ ಹೆಣ್ಣುಮಗಳ ವಾರ ಒಂದೇ ದಿನದಲ್ಲಿ ಖಾಲಿಯಾಗುತ್ತದೆ. ರೊಟ್ಟಿಯ ಅಂಗಳದಲ್ಲಿ ಮಾತ್ರ ಹಣೆಯನ್ನು ಯಾರೂ ನೋಡುವುದಿಲ್ಲ. ತಿಂಗಳು ಕಳೆದ ಮೇಲೆ ಬಾಜೂ ಮನೆಯಾಕೆ ಬಾಗಿಲಿಗೆ ಬಂದು, "ಅಕ್ಕಾರ, ನಾಳೆ ನಮ್ಮನಿಯಾಗ ರೊಟ್ಟಿ ಐತಿ, ಎಸರಿಗೆ ನೀವ ಬರಬೇಕ್ರಿ" ಅನ್ನುತ್ತಾಳೆ. ಆಕೆ ಹೋಗುತ್ತಾರೆ.